ಗರಗಸ ಓದಿದ ಮಗುವನ್ನು ಗದರಬೇಡಿ

ಮಗು ಒಂದನೇ ತರಗತಿಗೆ ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಅಪ್ಪ ಅಮ್ಮಂದಿರಿಗೆ ದಿಗಿಲು ಹತ್ತಿಕೊಳ್ಳುತ್ತದೆ. ‘ಅ ಆ ಇ ಈ ಕೂಡ ಸರಿಯಾಗಿ ಬರಲ್ಲ ಮೇಡಂ ಇವನಿಗೆ, ಶಾಲೆಯಲ್ಲಿ ಏನು ಕಲಿಸ್ತಾರೋ’ ಎನ್ನುತ್ತೀರಿ. ನಲಿ–ಕಲಿ ಕೊಠಡಿಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತೇ ತಲೆ ನರೆಸಿಕೊಂಡವಳು ನಾನು. ಆ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ.

ಮೊದಲು, ತರಗತಿಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿದುಕೊಳ್ಳಿ. ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳ ಪದ್ಧತಿ ನೋಡಿಬಂದ ಶಿಕ್ಷಕರೇ ಅದನ್ನು ಕಟ್ಟಿದರು. 2009–10ರಲ್ಲಿ ಅದು ರಾಜ್ಯಕ್ಕೆಲ್ಲ ಬಂತು. ಅಲ್ಲಿ ಅಕ್ಷರ ಕಲಿಯುವುದು ವರ್ಣಮಾಲೆಯ ಸಾಲು ಹಿಡಿದಲ್ಲ. ರ, ಗ, ಸ, ದ, ಅ – ಈ ಐದರಿಂದ ಆರಂಭ. ಐದೇ ಅಕ್ಷರ ಕೂಡಿಸಿ ಮಗು ಸರ, ರಸ, ಅಗಸ, ಅರಸ, ಗರಗಸ ಎಂದು ಓದಿಬಿಡುತ್ತದೆ. ಹಾಗೆ ಓದಿ ಬಂದ ಮಗುವನ್ನು ಸಂಜೆ ಎದುರಿಗೆ ಕೂರಿಸಿಕೊಂಡು ‘ಅ ಆದ ಮೇಲೆ ಯಾವುದು? ಹೇಳು!’ ಎಂದು ಗದರಿದರೆ ಅದು ಕಕ್ಕಾಬಿಕ್ಕಿಯಾಗುತ್ತದೆ. ತನಗೆ ಬರುವುದನ್ನು ಯಾರೂ ಕೇಳುವುದಿಲ್ಲ, ಕೇಳಿದ್ದು ತನಗೆ ಬರುವುದಿಲ್ಲ. ನಾಳೆಯಿಂದ ಪಾಟಿಚೀಲ ಕಂಡರೇ ಹೊಟ್ಟೆನೋವು.

ಅದರ ಬದಲು ‘ಇವತ್ತು ಯಾವ ಕಾರ್ಡ್ ಮಾಡಿದೆ? ಯಾವ ತಟ್ಟೆಯಲ್ಲಿ ಕೂತಿದ್ದೆ?’ ಎಂದು ಕೇಳಿ. ಕಾರ್ಡ್ ಎಂದರೆ ಒಂದು ಕಲಿಕಾ ಚಟುವಟಿಕೆ, ತಟ್ಟೆ ಎಂದರೆ ಗುಂಪು. ಒಟ್ಟು ಐದು ತಟ್ಟೆ; ಶಿಕ್ಷಕರ ಪೂರ್ತಿ ಸಹಾಯದಿಂದ ಹಿಡಿದು, ಗೆಳೆಯರ ಸಹಾಯ ದಾಟಿ, ತಾನೇ ಕಲಿಯುವ ಹಂತದವರೆಗೆ. ಕಲಿಕಾ ಏಣಿಯನ್ನು, ಅಂದರೆ ಕಲಿಕೆಯ ಹಂತಗಳನ್ನು, ಒಂದೊಂದು ಮಗು ಒಂದೊಂದು ವೇಗದಲ್ಲಿ ಹತ್ತುತ್ತದೆ. ಆದ್ದರಿಂದ ‘ಪಕ್ಕದ ಮನೆ ಹುಡುಗಿ ಆಗಲೇ ಕಾಗುಣಿತಕ್ಕೆ ಬಂದಳು’ ಎಂಬ ಮಾತು ನಿಮ್ಮ ಬಾಯಲ್ಲಿ ಬೇಡ.

ಬರವಣಿಗೆಯ ವಿಷಯ. ಮಗು ‘ಅಮಮ’ ಎಂದು ಬರೆದು ತಂದು ತೋರಿಸುತ್ತದೆ. ಕೆಂಪು ಶಾಯಿಯಿಂದ ಅಡ್ಡಗೀಟು ಎಳೆಯಬೇಡಿ. ಒತ್ತಕ್ಷರದ ಪಾಠ ಅದಕ್ಕಿನ್ನೂ ಬಂದಿಲ್ಲ. ಅಷ್ಟಾದರೂ ತನಗೆ ಗೊತ್ತಿರುವ ಅಕ್ಷರಗಳಲ್ಲೇ ನಿಮ್ಮನ್ನು ಬರೆಯಲು ಹೊರಟಿದೆಯಲ್ಲ, ಅದನ್ನು ನೋಡಿ. ‘ಅಮ್ಮ ಅಂತ ನೀನೇ ಬರೆದೆಯಾ? ಅ, ಮ ಎರಡೂ ದುಂಡಗೆ ಬಂದಿವೆ’ ಎನ್ನಿ. ಕೆಲವು ಅಕ್ಷರ, ಅಂಕಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಂದರೂ ಈ ವಯಸ್ಸಿನಲ್ಲಿ ಅದು ಸಹಜವೇ. ‘ಜಾಣ, ಬುದ್ಧಿವಂತ’ ಎಂದು ಸುಮ್ಮನೆ ಹೊಗಳಿದರೆ ಮಗುವಿಗೆ ಏನೂ ತಿಳಿಯದು. ಯಾವ ಕೆಲಸ ಚೆನ್ನಾಯಿತು ಎಂದು ಬಿಡಿಸಿ ಹೇಳಿದರೆ ನಾಳೆ ಅದನ್ನೇ ಮತ್ತೆ ಮಾಡುತ್ತದೆ.

ಓದುವಾಗ ತಡವರಿಸಿದರೆ ಬಾಯಿ ಹಾಕಬೇಡಿ. ‘ಗ... ರ...’ ಎಂದು ಬೆರಳಿಟ್ಟು ನಿಂತಿದ್ದರೆ ತುಸು ತಾಳಿ. ‘ಗಸ’ ತಾನಾಗಿ ಬರುತ್ತದೆ. ನೀವೇ ಹೇಳಿಕೊಟ್ಟರೆ ಅದು ಪುಸ್ತಕ ಬಿಟ್ಟು ನಿಮ್ಮ ಮುಖ ನೋಡುವುದನ್ನು ಕಲಿಯುತ್ತದೆ.

‘ನಮಗೇ ಓದು ಬರಲ್ಲ, ನಾವೇನು ಕಲಿಸೋಣ’ ಎಂದು ಹಿಂಜರಿಯುವವರೂ ಇದ್ದೀರಿ. ಹಿಂಜರಿಕೆ ಬೇಡ. ರೊಟ್ಟಿ ತಟ್ಟುತ್ತಲೇ ‘ಓದು, ಕೇಳ್ತೀನಿ’ ಎನ್ನಲು ಅಕ್ಷರ ಬರಬೇಕಿಲ್ಲ. ಓದಿದ ಮೇಲೆ ‘ಆಮೇಲೆ ಆ ನರಿಗೆ ಏನಾಯ್ತು?’ ಎಂದು ಕೇಳಿ. ನಿಮ್ಮೂರ ಮಾತಿನಲ್ಲೇ ಒಂದು ಕಥೆ ಹೇಳಿ. ಲೆಕ್ಕಕ್ಕೆ ಹುಣಸೆಬೀಜ ಸಾಕು: ಹತ್ತರ ಮೂರು ಗುಡ್ಡೆ, ಬಿಡಿಯಾಗಿ ನಾಲ್ಕು ಬೀಜ, ಒಟ್ಟು ಎಷ್ಟು? 34 ಎಂದು ಎಣಿಸಿ ಹೇಳಿದ ಮಗುವಿಗೆ ಶಾಲೆಯ ಹತ್ತು–ಬಿಡಿ ಕಷ್ಟವಾಗದು. ಫೋನ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಜೊತೆಗೆ ಕೂತು ತೋರಿಸಿ, ಫೋನ್ ಕೈಗೆ ಕೊಟ್ಟು ಎದ್ದು ಹೋಗಬೇಡಿ.

ಇನ್ನು ಹೋಮ್‌ವರ್ಕ್. ‘ಕೊಡ್ತಾನೇ ಇಲ್ಲ’ ಎಂದು ಶಿಕ್ಷಕರ ಮೇಲೆ ದೂರುತ್ತೀರಿ. ಎರಡನೇ ತರಗತಿ ಮುಗಿಯುವವರೆಗೆ ಹೋಮ್‌ವರ್ಕ್ ಬೇಡ ಎಂದು 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯೇ ಹೇಳಿದೆ. ಇಡೀ ದಿನ ಕಲಿತು ದಣಿದು ಬಂದ ಮಗುವಿಗೆ ಆಟ, ಊಟ, ಹೊತ್ತಿಗೆ ಸರಿಯಾದ ನಿದ್ದೆ ಕೊಡಿ. ಸಂಜೆ ಕಾಲು ಗಂಟೆ ಅದರ ಮಾತಿಗೆ ಕಿವಿಗೊಟ್ಟರೆ ಬೇಕಾದಷ್ಟಾಯಿತು.

ಕೊನೆಯದಾಗಿ, ಪೋಷಕರ ಸಭೆಗೆ ಕರೆ ಬಂದಾಗ ಕೆಲಸದ ನೆಪ ಹೇಳಬೇಡಿ. ಅಪ್ಪಂದಿರಿಗೆ ಈ ಮಾತು ಇನ್ನಷ್ಟು ಒತ್ತಿ ಹೇಳುತ್ತೇನೆ. ಯಾವ ಮಗು ಎಲ್ಲಿಯವರೆಗೆ ಕಲಿತಿದೆ ಎಂದು ತೋರಿಸುವ ಪ್ರಗತಿ ನೋಟವನ್ನು ಗೋಡೆಯ ಮೇಲೆ ತೂಗುಹಾಕಿರುತ್ತಾರೆ, ಅದರಲ್ಲಿ ನಿಮ್ಮ ಮಗುವಿನ ಹೆಸರು ಎಲ್ಲಿದೆ ನೋಡಿ. ‘ಎಷ್ಟನೇ ಸ್ಥಾನ?’ ಎಂದು ಕೇಳದೆ ‘ಈಗ ಏನು ಕಲಿಯುತ್ತಿದ್ದಾನೆ, ಮನೆಯಲ್ಲಿ ನಾವೇನು ಮಾಡಬೇಕು?’ ಎಂದು ಶಿಕ್ಷಕರನ್ನು ಕೇಳಿ. ಹಾಗೆ ಕೇಳುವ ತಂದೆತಾಯಿ ಸಿಕ್ಕರೆ ಶಿಕ್ಷಕರ ಅರ್ಧ ಕೆಲಸ ಹಗುರಾಗುತ್ತದೆ.