ಒಂದು ‘ಕರೆಂಟು’, ಮೂರು ಅರ್ಥ: ಆಂಪ್ಲಿಫೈಯರ್ ರ್‍ಯಾಕ್ ಮೂಲಕ 10ನೇ ತರಗತಿಯ ವಿದ್ಯುತ್ ಪಾಠ

ಸಂದರ್ಭ

ಬೋಧನಾಭ್ಯಾಸದ ಅವಧಿಯಲ್ಲಿ ಚಿತ್ತಾಪುರ ತಾಲ್ಲೂಕಿನ ದಂಡೋತಿಯಲ್ಲಿ 10ನೇ ತರಗತಿಗೆ ಗೃಹಬಳಕೆಯ ವಿದ್ಯುನ್ಮಂಡಲದ ಪಾಠ ಮಾಡಿದೆ. ಓವರ್‌ಲೋಡ್, ಫ್ಯೂಸ್, ಭೂಸಂಪರ್ಕ ತಂತಿ ಇವುಗಳ ವ್ಯಾಖ್ಯೆಗಳನ್ನು ಮಕ್ಕಳು ತಪ್ಪಿಲ್ಲದೆ ಹೇಳುತ್ತಿದ್ದರು. ಆದರೆ ಯಾವ ತೊಂದರೆಗೆ ಯಾವ ರಕ್ಷಣೆ ಎಂದು ಕೇಳಿದರೆ ಎಲ್ಲಕ್ಕೂ ‘ಫ್ಯೂಸ್’ ಎನ್ನುತ್ತಿದ್ದರು. ಆದ್ದರಿಂದ ಅವರಿಗೆ ಪರಿಚಯವಿರುವ ಒಂದು ಸಮಸ್ಯೆಯನ್ನೇ ಪಾಠಕ್ಕೆ ಆರಿಸಿಕೊಂಡೆ: ಭಜನಾ ಮಂಡಳಿಯ ಆಂಪ್ಲಿಫೈಯರ್ ರ್‍ಯಾಕ್‌ಗೆ ಎಂಥ ಎಕ್ಸ್‌ಟೆನ್ಶನ್ ಬಾಕ್ಸ್ ಕೊಳ್ಳಬೇಕು?

ತೊಡಗಿಸಿಕೊಳ್ಳುವಿಕೆ

ಮೈಕ್ ಸೆಟ್ಟಿನಲ್ಲಿ ಏನೇನು ಕೆಡುತ್ತದೆ ಎಂದು ಕೇಳಿ, ಉತ್ತರಗಳನ್ನು ಅವರ ಮಾತಿನಲ್ಲೇ ಕರಿಹಲಗೆಯ ಮೇಲೆ ಬರೆದೆ.

“ಭಾಳ ಹಚ್ಚಿದ್ರ ಕರೆಂಟ್ ಜಾಸ್ತಿ ಎಳೀತದ್ರಿ ಸರ್, ವೈರ್ ಕಾಯ್ತದ.”
“ಕರೆಂಟ್ ಹೋಗಿ ಬಂದಾಗ ಜಾಸ್ತಿ ಬರ್ತದ್ರಿ, ಆಂಪ್ಲಿ ಸುಡ್ತದ.”
“ಮೈಕ್ ಹಿಡದ್ರ ಕರೆಂಟ್ ಹೊಡೀತದ್ರಿ.”

ಮೂರು ವಾಕ್ಯಗಳಲ್ಲೂ ‘ಕರೆಂಟ್’ ಇದೆ; ಮೂರರ ಅರ್ಥವೂ ಬೇರೆ. ಮೊದಲನೆಯದು ಹೆಚ್ಚಾದ ವಿದ್ಯುತ್ ಪ್ರವಾಹ. ಎರಡನೆಯದು ಹೆಚ್ಚಾದ ವಿಭವಾಂತರ. ಮೂರನೆಯದು ಮೈ ಮೂಲಕ ನೆಲಕ್ಕೆ ಹರಿಯುವ ಸೋರಿಕೆ. ಮಕ್ಕಳ ಗೊಂದಲದ ಬೇರು ಈ ಒಂದೇ ಪದದಲ್ಲಿದೆ ಎಂದು ನನಗನ್ನಿಸಿತು. ಪಾಠದ ಉಳಿದ ಭಾಗವನ್ನು ಈ ಮೂರು ವಾಕ್ಯಗಳ ಮೇಲೆಯೇ ಕಟ್ಟಿದೆ.

ಅನ್ವೇಷಣೆ ಮತ್ತು ವಿವರಣೆ

1. ಪ್ರವಾಹ ಹೆಚ್ಚಾದಾಗ

ಎರಡು ಬಾಕ್ಸ್‌ಗಳನ್ನು ಮೇಜಿನ ಮೇಲಿಟ್ಟೆ. ಒಂದರಲ್ಲಿ ಎಂಟು ಸಾಕೆಟ್, ಮೇಲೆ 6 ಆಂಪಿಯರ್ ಎಂಬ ಬರಹ. ಇನ್ನೊಂದರಲ್ಲಿ ನಾಲ್ಕೇ ಸಾಕೆಟ್, ದಪ್ಪ ವೈರು, 16 ಆಂಪಿಯರ್. ಹೆಚ್ಚಿನವರು ಎಂಟರದ್ದನ್ನೇ ಆರಿಸಿದರು. ಆಗ ಲೆಕ್ಕ ಕೊಟ್ಟೆ: ವಿದ್ಯುತ್ ಬಳಕೆ ತಲಾ 1100 ವ್ಯಾಟ್ ಇರುವ ಎರಡು ಆಂಪ್ಲಿಫೈಯರ್, 40 ವ್ಯಾಟ್‌ನ ಮಿಕ್ಸರ್, 20 ವ್ಯಾಟ್‌ನ ಕೀಬೋರ್ಡ್. ಒಟ್ಟು 2260 ವ್ಯಾಟ್. ಇದನ್ನು 220 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 10.3 ಆಂಪಿಯರ್. ಎಂಟು ಸಾಕೆಟ್ ಇದ್ದರೂ ಅವೆಲ್ಲಕ್ಕೂ ಪ್ರವಾಹ ಬರುವುದು ಒಂದೇ ವೈರಿನಲ್ಲಿ. ಅದರ ಮಿತಿ 6 ಆಂಪಿಯರ್.

ಇಲ್ಲೇ ಜೌಲ್‌ನ ನಿಯಮ ಬಂತು. ಸಡಿಲವಾದ ಪಿನ್ನಿನ ರೋಧ 0.1 ಓಮ್ ಎಂದುಕೊಳ್ಳೋಣ. 5 ಆಂಪಿಯರ್ ಹರಿದರೆ ಅಲ್ಲಿ 2.5 ವ್ಯಾಟ್ ಶಾಖ, 10 ಆಂಪಿಯರ್ ಹರಿದರೆ 10 ವ್ಯಾಟ್. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ಬಾಕ್ಸಿನ ಪ್ಲಾಸ್ಟಿಕ್ ಕರಗುವುದು ಹೀಗೆ. ಇದಕ್ಕೆ ಕಾವಲು ಸರಿಯಾದ ಆಂಪಿಯರ್ ಮಿತಿಯ ಬಾಕ್ಸ್, ಅದಕ್ಕೆ ತಕ್ಕ ಫ್ಯೂಸ್ ಅಥವಾ ಎಂಸಿಬಿ. ಉದ್ದ ವೈರನ್ನು ಸುರುಳಿ ಸುತ್ತಿಯೇ ಬಳಸಿದರೆ ಶಾಖ ಹೊರಹೋಗದು. ಪೂರ್ತಿ ಬಿಚ್ಚಿ ಹಾಸಬೇಕು.

2. ವೋಲ್ಟೇಜ್ ಹೆಚ್ಚಾದಾಗ

ಸಿಡಿಲು ಹತ್ತಿರದಲ್ಲಿ ಬಡಿದಾಗ ಅಥವಾ ದೊಡ್ಡ ಮೋಟಾರು ಬಂದ್ ಆದಾಗ ಕ್ಷಣದ ಅತಿ ಸಣ್ಣ ಭಾಗದಲ್ಲಿ ವೋಲ್ಟೇಜ್ ಜಿಗಿಯುತ್ತದೆ. ಫ್ಯೂಸ್ ಕರಗುವಷ್ಟರಲ್ಲಿ ಅದು ಬಂದು ಹೋಗಿರುತ್ತದೆ. ಸರ್ಜ್ ಪ್ರೊಟೆಕ್ಟರ್ (ಅಂಗಡಿಯ ಮಾತಿನಲ್ಲಿ ಸ್ಪೈಕ್ ಬಸ್ಟರ್) ಒಳಗೆ ಸತುವಿನ ಆಕ್ಸೈಡ್‌ನಿಂದ ಮಾಡಿದ ವ್ಯಾರಿಸ್ಟರ್ ಇರುತ್ತದೆ. ಅದನ್ನು ಕೆರೆಯ ಕೋಡಿಗೆ ಹೋಲಿಸಿದೆ: ನೀರು ಮಟ್ಟದಲ್ಲಿರುವಾಗ ಕೋಡಿ ಸುಮ್ಮನಿರುತ್ತದೆ, ಮೀರಿದರೆ ಹೆಚ್ಚಿನದನ್ನು ಪಕ್ಕಕ್ಕೆ ಬಿಡುತ್ತದೆ. ಪ್ರತಿ ಏಟಿಗೂ ವ್ಯಾರಿಸ್ಟರ್ ಸ್ವಲ್ಪ ಸವೆಯುತ್ತದೆ. ‘ಪ್ರೊಟೆಕ್ಟೆಡ್’ ದೀಪವಿರುವ ಬಾಕ್ಸಿನಲ್ಲಿ ಆ ದೀಪ ಆರಿದರೆ ಅದು ಬರೀ ಎಕ್ಸ್‌ಟೆನ್ಶನ್ ಬಾಕ್ಸ್ ಎಂದೇ ತಿಳಿಯಬೇಕು.

ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ವೋಲ್ಟೇಜ್ ಕ್ಷಣಕ್ಕಲ್ಲ, ನಿಮಿಷಗಟ್ಟಲೆ ಏರಿರಬಹುದು. ಅದನ್ನು ವ್ಯಾರಿಸ್ಟರ್ ತಾಳದು. ಹೈ ವೋಲ್ಟೇಜ್ ಕಟ್-ಆಫ್ ಬೇಕು. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗನ್ನು ಮೊದಲೇ ಕಿತ್ತಿಡುವುದೇ ಲೇಸು.

3. ಮೈಗೆ ಹೊಡೆಯುವಾಗ

ಸ್ಪೀಕರಿನಲ್ಲಿ ‘ಗುಂಯ್’ ಸದ್ದು ಬಂದರೆ ಪ್ಲಗ್ಗಿನ ಮೂರನೆಯ ದಪ್ಪ ಪಿನ್ ಕಿತ್ತುಹಾಕುವ ರೂಢಿ ಹಲವೆಡೆ ಇದೆ. ಸದ್ದು ನಿಲ್ಲಬಹುದು, ಜೊತೆಗೆ ಭೂಸಂಪರ್ಕವೂ ಹೋಗುತ್ತದೆ. ಆಮೇಲೆ ಆಂಪ್ಲಿಫೈಯರ್ ಒಳಗೆ ಫೇಸ್ ವೈರು ಲೋಹದ ಕವಚಕ್ಕೆ ತಾಗಿದರೆ, ಕೇಬಲ್ಲಿನ ಹೊರಜಾಲರಿಯ ಮೂಲಕ ಮೈಕಿನ ಕವಚಕ್ಕೂ ವಿದ್ಯುತ್ ಬರುತ್ತದೆ. ಹಾಡುವವರ ಜೀವಕ್ಕೇ ಅಪಾಯ. ಬೇರೆ ಬೇರೆ ಬೋರ್ಡುಗಳಿಂದ ವಿದ್ಯುತ್ ತೆಗೆದ ಸಲಕರಣೆಗಳನ್ನು ಆಡಿಯೋ ಕೇಬಲ್ಲಿನಿಂದ ಜೋಡಿಸಿದಾಗ ಈ ಸದ್ದು ಹೆಚ್ಚಾಗಿ ಬರುತ್ತದೆ. ರ್‍ಯಾಕಿನ ಎಲ್ಲಕ್ಕೂ ಒಂದೇ ಕಡೆಯಿಂದ ವಿದ್ಯುತ್ ಕೊಟ್ಟರೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಆದರೆ ಆಗ ಇಡೀ ಹೊರೆ ಒಂದೇ ಬಾಕ್ಸಿನ ಮೇಲೆ ಬೀಳುವುದರಿಂದ ಮೊದಲ ಲೆಕ್ಕ ಇಲ್ಲಿ ಮತ್ತೆ ಬೇಕು. ಮೈಗೆ ಹೊಡೆಯುವುದಕ್ಕೆ ಕಾವಲು ಸರಿಯಾದ ಭೂಸಂಪರ್ಕ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ.

ಮೌಲ್ಯಮಾಪನ

ಮೊದಲ ಮೂರು ವಾಕ್ಯಗಳನ್ನು ‘ಕರೆಂಟ್’ ಪದ ಬಳಸದೆ ಬರೆಯಿರಿ; ಪ್ರತಿಯೊಂದರ ಎದುರು ಕಾವಲು ಸೂಚಿಸಿ, ಎಂದೆ. ಎಲ್ಲಕ್ಕೂ ಫ್ಯೂಸ್ ಎಂದಿದ್ದ ಹಲವರು ಈಗ ಮೂರು ಬೇರೆ ಉತ್ತರ ಬರೆದರು. ಒಬ್ಬ ಹುಡುಗಿ ಕೇಳಿದಳು: “ಗುಡ್ಯಾಗ ಬೋರ್ಡಿಗೆ ಅರ್ಥಿಂಗೇ ಇಲ್ಲಂದ್ರ ಮೂರು ಪಿನ್ ಇದ್ದೇನು ಉಪಯೋಗ್ರಿ?” ಉಪಯೋಗವಿಲ್ಲ, ಬಾಕ್ಸಿಗಿಂತ ಮೊದಲು ಅರ್ಥಿಂಗ್ ಮಾಡಿಸಬೇಕು ಎಂಬುದೇ ಉತ್ತರ. ಭೂಸಂಪರ್ಕದ ಕಡೆಗೆ ತಿರುಗಿಸಬೇಕಾದ ಸರ್ಜ್‌ಗೂ ಆಗ ದಾರಿ ಇರುವುದಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಬಾಕ್ಸ್‌ಗಳನ್ನು ಪ್ಲಗ್ಗಿಗೆ ಹಾಕದೆಯೇ ತೋರಿಸಿ. ತೆರೆದ ಬಾಕ್ಸಿಗೆ ಎಂದೂ ವಿದ್ಯುತ್ ಕೊಡಬೇಡಿ. ಪಠ್ಯದಲ್ಲಿ 5 ಮತ್ತು 15 ಆಂಪಿಯರ್ ಎಂದಿದ್ದರೆ ಸಾಕೆಟ್ ಮೇಲೆ 6 ಮತ್ತು 16 ಎಂದಿರುತ್ತದೆ. ಪಠ್ಯದ ಕೆಂಪು, ಕಪ್ಪು, ಹಸಿರು ತಂತಿಗಳ ಬದಲು ಹೊಸ ವೈರುಗಳಲ್ಲಿ ಕಂದು, ನೀಲಿ, ಹಸಿರು-ಹಳದಿ ಕಾಣಬಹುದು. ಮಕ್ಕಳು ಕೇಳುವ ಮೊದಲೇ ಹೇಳಿಬಿಡಿ. ಆಂಪ್ಲಿಫೈಯರ್ ಮುಂದೆ ಬರೆದ ವ್ಯಾಟ್ ಧ್ವನಿಯದ್ದು. ಲೆಕ್ಕಕ್ಕೆ ಬೇಕಾದ ವಿದ್ಯುತ್ ಬಳಕೆಯ ಅಂಕಿಯನ್ನು ಹಿಂಬದಿಯ ಫಲಕದಲ್ಲಿ ನೋಡಿ. ಘಟಕ ಆರಂಭಿಸುವ ಮುನ್ನ ಊರಿನಲ್ಲಿ ‘ಕರೆಂಟ್’ ಪದವನ್ನು ಹೇಗೆಲ್ಲ ಬಳಸುತ್ತಾರೆ ಎಂದು ಪಟ್ಟಿ ಮಾಡಿಕೊಂಡರೆ ಪೂರ್ವಜ್ಞಾನ ಪರೀಕ್ಷೆಯ ಪ್ರಶ್ನೆಗಳು ಅಲ್ಲಿಯೇ ಸಿಗುತ್ತವೆ.