ಮೊದಲು ನೋಡಲಿ, ಆಮೇಲೆ ಮಾಡಲಿ, ಕಡೆಗೆ ಕೊಳ್ಳಲಿ: ಮಕ್ಕಳ ಜೊತೆ ಬೀದರ್, ಭಾಲ್ಕಿ, ಔರಾದ್

ದೊಡ್ಡ ಊರು ನೋಡಿ ಬಂದ ಮಕ್ಕಳ ಚೀಲದಲ್ಲಿ ಈಗ ಇರುವುದು ಎಲ್ಲೆಡೆಯೂ ಒಂದೇ ಬಗೆಯ ಸಾಮಾನು: ಊರ ಹೆಸರು ಅಚ್ಚಾದ ಕೀಲಿಗೊಂಚಲು, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ, ಪ್ಲಾಸ್ಟಿಕ್ ಗೋಪುರ. ಹೆಸರನ್ನು ಅಳಿಸಿಬಿಟ್ಟರೆ ಅದು ಬೆಂಗಳೂರಿನದೋ ಮುಂಬೈಯದೋ ಹೇಳಲಾಗದು. ಬೀದರ್‌ಗೆ ಹೊರಟವರು ಇದಕ್ಕಿಂತ ಒಳ್ಳೆಯದನ್ನು ತರಬಹುದು. ಇಂದು ಜಿಲ್ಲಾ ಕೇಂದ್ರವಾಗಿರುವ ಈ ಊರು ಒಂದು ಕಾಲಕ್ಕೆ ದಖ್ಖನಿನ ಮಹಾನಗರ. 15ನೆಯ ಶತಮಾನದಲ್ಲಿ ಅಹ್ಮದ್ ಶಾ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಅದೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಇಲ್ಲಿಗೆ ಬಂದಿದ್ದ. ರಾಜಧಾನಿಗೆ ಬೇಕಾದ ಕಲ್ಲುಕೆಲಸ, ಹೆಂಚಿನ ಕೆಲಸ, ಲೋಹದ ಕೆಲಸ, ನೀರಿನ ಕೆಲಸ ಎಲ್ಲದರ ಗುರುತು ಇಲ್ಲಿ ಉಳಿದಿದೆ. ಬಿದ್ರಿ ಎಂಬ ಲೋಹದ ಕೆಲಸವಂತೂ ಇಂದಿಗೂ ನಡೆಯುತ್ತಿದೆ. ಹಾಗಾಗಿ ಮಕ್ಕಳ ಜೊತೆಗಿನ ಬೀದರ್ ಪ್ರವಾಸವನ್ನು ನೋಡಬೇಕಾದ ಜಾಗಗಳ ಪಟ್ಟಿಯಂತೆ ಹಾಕಿಕೊಳ್ಳಬಾರದು. ‘ಇದನ್ನು ಹೇಗೆ ಮಾಡಿದರು?’ ಎಂಬ ಒಂದೇ ಪ್ರಶ್ನೆಯ ಸುತ್ತ ಹಾಕಿಕೊಳ್ಳಬೇಕು. ನೋಡುವುದು ಮೊದಲು, ಕೈಯಿಂದ ಮಾಡುವುದು ಆಮೇಲೆ, ಕೊಳ್ಳುವುದು ಎಲ್ಲಕ್ಕಿಂತ ಕಡೆಗೆ.

ಕೋಟೆಯಿಂದ ಶುರು ಮಾಡಿ

ಮೊದಲ ದಿನದ ಬೆಳಗು ಕೋಟೆಗೆ ಮೀಸಲಿರಲಿ. ಜಂಬುಕಲ್ಲನ್ನು ಕಡಿದು ತೆಗೆದ ಮೂರು ಸಾಲಿನ ಕಂದಕ, ಸೋಲಾ ಖಂಬಾ ಮಸೀದಿ, ಗಗನ್ ಮಹಲ್, ತರ್ಕಶ್ ಮಹಲ್ ಎಲ್ಲವೂ ಇಲ್ಲಿವೆ. ಆದರೆ ಕಲಿಕೆಯ ಕಣ್ಣಿಗೆ ಮುಖ್ಯವಾದದ್ದು ರಂಗೀನ್ ಮಹಲ್. ಬರೀದ್ ಶಾಹಿ ಅರಸರ ಕಾಲದ ಈ ಅರಮನೆಯ ಬಾಗಿಲ ಸುತ್ತ ಕರಿಕಲ್ಲನ್ನು ಕೊರೆದು, ಕೊರೆದ ಜಾಗದಲ್ಲಿ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ್ದಾರೆ. ಈ ಮಹಲಿಗೆ ಬಹಳ ಸಲ ಬೀಗ ಹಾಕಿರುತ್ತದೆ. ಹಳೆಯ ರಾಜಸ್ನಾನಗೃಹದಲ್ಲಿರುವ ಕೋಟೆಯ ವಸ್ತುಸಂಗ್ರಹಾಲಯದ ಸಿಬ್ಬಂದಿಯನ್ನು ಮೊದಲೇ ಕೇಳಿಕೊಳ್ಳಿ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಊರಿನ ಅನೇಕ ಕುಶಲಕರ್ಮಿಗಳೂ ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುತ್ತಾರೆ. ಆದ್ದರಿಂದ ಈ ದಿನಕ್ಕೆ ಶುಕ್ರವಾರವನ್ನು ಬಿಟ್ಟು ಬೇರೆ ವಾರ ಆರಿಸಿಕೊಳ್ಳುವುದು ಜಾಣತನ. ಮಗುವಿನ ಕೈಗೆ ಫೋನಿನ ಬದಲು ಚೌಕುಳಿ ಹಾಳೆಯ ಪುಸ್ತಕ, ಪೆನ್ಸಿಲ್ ಕೊಡಿ. ಇಡೀ ಕಟ್ಟಡ ಬಿಡಿಸು ಎನ್ನಬೇಡಿ. ಒಂದು ಹೂ, ಒಂದು ಬಳ್ಳಿ, ಒಂದು ನಕ್ಷತ್ರ ಸಾಕು. ಆ ಆಕಾರ ಎಲ್ಲಿ ಶುರುವಾಗಿ ಎಲ್ಲಿ ಮತ್ತೆ ಅದೇ ಆಗಿ ಬರುತ್ತದೆ ಎಂದು ಹುಡುಕುವುದರಲ್ಲೇ ಗಣಿತದ ಒಂದು ಪಾಠವಿದೆ. ಗೋಡೆಗೆ ಕಾಗದ ಒತ್ತಿ ಉಜ್ಜುವುದು, ಚಿಪ್ಪನ್ನು ಮುಟ್ಟುವುದು ಬೇಡವೇ ಬೇಡ. ಇದು ಸಂರಕ್ಷಿತ ಸ್ಮಾರಕ.

ಬಿದ್ರಿ: ಕಸುಬು ನೋಡದೆ ಕೊಳ್ಳಬೇಡಿ

ಕೋಟೆ ನೋಡಿದ ದಿನವೇ ಬಿದ್ರಿ ಕೆಲಸದ ಮನೆಗೆ ಹೋಗಬೇಕು ಎನ್ನುವುದಕ್ಕೆ ಕಾರಣವಿದೆ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಬಿಳಿ ಚಿಪ್ಪು ಕೂತಂತೆಯೇ ಇಲ್ಲಿ ಕರಿ ಲೋಹದಲ್ಲಿ ಬೆಳ್ಳಿ ಕೂರುತ್ತದೆ. ಬೆಳಿಗ್ಗೆ ಗೋಡೆಯ ಮೇಲೆ ಕಂಡ ಉಪಾಯವನ್ನು ಮಧ್ಯಾಹ್ನ ಕೈಯೊಂದು ಮಾಡುತ್ತಿರುವುದನ್ನು ಕಂಡಾಗ ಮಗುವಿಗೆ ಇತಿಹಾಸ ಜೀವಂತವಾಗುತ್ತದೆ. ಬಿದ್ರಿಯ ಒಡಲು ಸತು ಮತ್ತು ತಾಮ್ರದ ಮಿಶ್ರಲೋಹ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡಿ, ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಕೊರೆದ ಸೀಳಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಯದು ಎಲ್ಲಕ್ಕಿಂತ ಸೋಜಿಗದ ಹಂತ. ಹಳೆಯ ಕೋಟೆಯ ಕಟ್ಟಡಗಳಲ್ಲಿ ಮಳೆ ಬಿಸಿಲು ತಾಗದ ಜಾಗದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿ, ಸಾಮಾನಿಗೆ ಹಚ್ಚುತ್ತಾರೆ. ಒಡಲು ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಂದೇ ದ್ರಾವಣ ಎರಡು ಲೋಹಗಳ ಮೇಲೆ ಎರಡು ಬಗೆಯಲ್ಲಿ ಏಕೆ ವರ್ತಿಸಿತು? ಶಾಲೆಯ ಪ್ರಯೋಗಾಲಯದಲ್ಲಿ ಇಷ್ಟು ಚಂದವಾಗಿ ಹುಟ್ಟುವ ರಸಾಯನಶಾಸ್ತ್ರದ ಪ್ರಶ್ನೆಗಳು ಕಡಿಮೆ.

ಕಾರ್ಖಾನೆಗೆ ಮಕ್ಕಳನ್ನು ನುಗ್ಗಿಸಿ ದುಡಿಯುವವರ ಹೊತ್ತು ಹಾಳು ಮಾಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಬಿದ್ರಿ ಕೆಲಸಗಾರರ ಗಳಿಕೆ ಮಾಡಿ ಮುಗಿಸಿದ ವಸ್ತುವಿನ ಮೇಲೆ ನಿಂತಿದೆ. ಅವರ ಅರ್ಧ ಗಂಟೆ ಪುಕ್ಕಟೆಯದಲ್ಲ. ಹಾಗಾಗಿ ಹಿಂದಿನ ದಿನವೇ ಕೇಳಿ ಹೊತ್ತು ಗೊತ್ತು ಮಾಡಿಕೊಳ್ಳಿ, ನಾಲ್ಕೈದು ಮಂದಿಗಿಂತ ಹೆಚ್ಚು ಒಟ್ಟಿಗೆ ಹೋಗಬೇಡಿ, ಅಲ್ಲಿಯೇ ಒಂದು ಸಣ್ಣ ವಸ್ತುವನ್ನಾದರೂ ಚೌಕಾಸಿ ಇಲ್ಲದೆ ಕೊಳ್ಳಿ, ಇಲ್ಲವೇ ತೋರಿಸಿದ್ದಕ್ಕೆ ಹಣ ಕೊಡಿ. ಹಳೆಯ ಪೇಟೆಯ ಚೌಬಾರ ಗೋಪುರದ ಆಸುಪಾಸಿನ ಗಲ್ಲಿಗಳಲ್ಲಿ, ಅದರಲ್ಲೂ ಸಿದ್ದೀಖ್ ತಾಲೀಮ್ ಕಡೆ, ಅಂಗಡಿಗಳ ಹಿಂದೆಯೇ ಕೆಲಸ ನಡೆಯುತ್ತದೆ. ಇನ್ನೊಂದು ಆಕ್ಷೇಪ ಅಪಾಯದ್ದು. ಕುಲುಮೆ, ಉಳಿ, ಮೈಲುತುತ್ತ ಮಕ್ಕಳ ಆಟಿಕೆಗಳಲ್ಲ, ನಿಜ. ಎರಕ ಮತ್ತು ಕಪ್ಪು ಮಾಡುವ ಹಂತವನ್ನು ದೂರದಿಂದ ನೋಡಲಿ. ಕೊರೆದು ಕೂರಿಸುವ ಹಂತವನ್ನು ಮಾತ್ರ ಕೈಯಾರೆ ಮಾಡಲಿ, ಅದೂ ಲೋಹದ ಮೇಲಲ್ಲ, ಸೋಪಿನ ಮೇಲೆ. ಸಂಜೆ ಕೋಣೆಯಲ್ಲಿ ಒಂದು ಸೋಪಿನ ಬಿಲ್ಲೆ ಕೊಟ್ಟು, ಹಲ್ಲುಕಡ್ಡಿಯಿಂದ ಗೆರೆ ಕೊರೆದು, ಅದರೊಳಗೆ ತೆಳ್ಳನೆಯ ಅಲ್ಯೂಮಿನಿಯಂ ತಂತಿ ಒತ್ತಿ ಕೂರಿಸಲು ಹೇಳಿ. ಸೀಳು ಅಗಲವಾದರೆ ತಂತಿ ಉದುರುತ್ತದೆ, ಕಿರಿದಾದರೆ ಕೂರುವುದಿಲ್ಲ. ಅಳತೆಯ ಈ ನಾಜೂಕನ್ನು ಬೆರಳು ಅರಿತ ಮೇಲೆ ಬಿದ್ರಿಯ ಬೆಲೆ ಏಕೆ ಅಷ್ಟು ಎಂದು ಯಾರೂ ವಿವರಿಸಬೇಕಿಲ್ಲ. ಆರೇಳು ವರ್ಷದ ಪುಟ್ಟವರಿಗೆ ಕರಿ ಕಾಗದ, ಅಡುಗೆಮನೆಯ ಬೆಳ್ಳಿಬಣ್ಣದ ಹಾಳೆ, ಗೋಂದು ಸಾಕು.

ಬಿದ್ರಿ ದುಬಾರಿ, ಮಕ್ಕಳ ಕೈಗೆ ಕೊಡುವ ವಸ್ತುವಲ್ಲ ಎಂಬುದು ಮೂರನೆಯ ಮಾತು. ದೊಡ್ಡ ಹೂಜಿ, ಹುಕ್ಕಾ ಬುಡದ ಮಟ್ಟಿಗೆ ಅದು ಸರಿ. ಆದರೆ ಓಲೆ, ಪದಕ, ಕೀಲಿಗೊಂಚಲು, ಕಾಗದ ಕತ್ತರಿಸುವ ಚೂರಿ, ಚಿಕ್ಕ ಡಬ್ಬಿಗಳೂ ಸಿಗುತ್ತವೆ. ಬೆಳ್ಳಿಯ ತೂಕ ಮತ್ತು ಕೆಲಸದ ಸೂಕ್ಷ್ಮತೆಯ ಮೇಲೆ ಬೆಲೆ ನಿಲ್ಲುತ್ತದೆ. ಕೊಳ್ಳುವಾಗ ಪರೀಕ್ಷೆಯನ್ನು ಮಗುವಿಗೇ ಬಿಡಿ: ಜೇಬಿನಲ್ಲೊಂದು ಅಯಸ್ಕಾಂತ ಇರಲಿ. ಸತು, ತಾಮ್ರ, ಬೆಳ್ಳಿ ಯಾವುದೂ ಅದಕ್ಕೆ ಅಂಟುವುದಿಲ್ಲ. ಅಂಟಿದರೆ ಒಡಲು ಕಬ್ಬಿಣದ್ದು. ತೀರಾ ಹಗುರವಾಗಿದ್ದರೆ ಅನುಮಾನಿಸಿ. ಚಿತ್ತಾರದ ಅಂಚನ್ನು ಬೂದುಗಾಜಿನಲ್ಲಿ ನೋಡಿದರೆ ಕೂರಿಸಿದ ಬೆಳ್ಳಿ ಯಾವುದು, ಬಳಿದ ಬಣ್ಣ ಯಾವುದು ತಿಳಿಯುತ್ತದೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಈ ಕಲೆಗಾಗಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ. ಮನೆಗೆ ತಂದ ಮೇಲೆ ನೀರು ಸೋಕಿಸದೆ, ಬಣ್ಣ ಮಾಸಿದಾಗ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಕೋಟೆಯ ಮಣ್ಣನ್ನು ನೆನಪಿಗೆಂದು ಚೀಲಕ್ಕೆ ತುಂಬಿಕೊಂಡು ಬರುವುದು ಮಾತ್ರ ಬೇಡ.

ನಗರವನ್ನು ಓದುವ ದಿನ

ಎರಡನೆಯ ದಿನ ಊರೊಳಗೆ. ಹಳೆಯ ಪೇಟೆಯ ನಡುವೆ ನಾಲ್ಕು ರಸ್ತೆ ಕೂಡುವಲ್ಲಿ ನಿಂತ ಚೌಬಾರ 71 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ. ಇಲ್ಲಿಂದ ನಡೆದುಕೊಂಡೇ ಬಹಮನಿ ಮಂತ್ರಿ ಮಹಮೂದ್ ಗಾವಾನನ ಮದ್ರಸಾಕ್ಕೆ ಹೋಗಬಹುದು. 1472ರಲ್ಲಿ ಮುಗಿದ ಈ ವಿದ್ಯಾಲಯದ ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ. ಒಳಗೆ ಕೂಡಿಟ್ಟಿದ್ದ ಸಿಡಿಮದ್ದು 17ನೆಯ ಶತಮಾನದ ಕೊನೆಗೆ ಸ್ಫೋಟಿಸಿ ಕಟ್ಟಡದ ಒಂದು ಭಾಗ ಹೋಯಿತು. ಉಳಿದ ಗೋಡೆಯ ನೀಲಿ, ಹಳದಿ, ಬಿಳಿ ಹೆಂಚಿನ ತುಣುಕುಗಳನ್ನು ನೋಡಿದ ಮಗು ಬಣ್ಣದ ಕಾಗದ ಕತ್ತರಿಸಿ ಅಂಥದೇ ಒಂದು ಅಂಗೈಯಗಲದ ಚಿತ್ತಾರ ಜೋಡಿಸಬಹುದು. ಚಿಪ್ಪು, ಬೆಳ್ಳಿ, ಹೆಂಚು ಮೂರರಲ್ಲೂ ಉಪಾಯ ಹತ್ತಿರದ್ದೇ ಎಂದು ಅದಾಗಲೇ ತಿಳಿದಿರುತ್ತದೆ. ಅಷ್ಟೂರಿನ ಬಹಮನಿ ಗೋರಿಗಳಲ್ಲಿ ಎರಡನ್ನು ಬಿಡಬೇಡಿ. ಅಹ್ಮದ್ ಶಾ ವಲಿಯ ಗೋರಿಯ ಒಳಗೋಡೆ ಬಣ್ಣದ ಬರಹ, ಬಳ್ಳಿಗಳಿಂದ ತುಂಬಿದೆ, ಟಾರ್ಚ್ ಬೇಕು. ಸಿಡಿಲು ಬಡಿದು ಸೀಳಿತೆನ್ನುವ ಬಹಮನಿ ಸುಲ್ತಾನ ಹುಮಾಯೂನನ ಗೋರಿ ಅರ್ಧ ಮಾತ್ರ ನಿಂತಿದೆ. ಗುಮ್ಮಟದ ಗೋಡೆ ಎಷ್ಟು ದಪ್ಪ, ಹೇಗೆ ಬಾಗಿದೆ ಎಂದು ಅಡ್ಡ ಕೊಯ್ದು ತೋರಿಸಿದ ಹಾಗೆ ಅದು ತೋರಿಸುತ್ತದೆ.

ಸಂಜೆಗೆ ನೌಬಾದಿನ ಕರೇಜ್, ಜನರ ಮಾತಿನ ಸುರಂಗ ಬಾವಿ. ಬೀದರ್ ನಿಂತಿರುವ ಪ್ರಸ್ಥಭೂಮಿಯ ಮೇಲ್ಪದರ ರಂಧ್ರಗಳುಳ್ಳ ಜಂಬುಕಲ್ಲು, ಕೆಳಗೆ ಗಟ್ಟಿ ಕರಿಕಲ್ಲು. ಮಳೆನೀರು ಮೇಲಿನದರಲ್ಲಿ ಇಳಿದು ಕೆಳಗಿನದರ ಮೇಲೆ ತಡೆದು ನಿಲ್ಲುತ್ತದೆ. ಅಂಚು ಸಿಕ್ಕಲ್ಲಿ ಝರಿಯಾಗುತ್ತದೆ. ನಾನಕ್ ಝೀರಾ, ನರಸಿಂಹ ಝರಣಿಗಳನ್ನು ಹೊಂದಿರುವ ಊರಿಗೆ ಆ ನೀರನ್ನೇ ಸುರಂಗ ತೋಡಿ ಇಳಿಜಾರಿನಲ್ಲಿ ಹರಿಸುವ ಪರ್ಷಿಯಾದ ವಿದ್ಯೆಯನ್ನು ಬಹಮನಿ ಕಾಲದ ಎಂಜಿನಿಯರುಗಳು ತಂದರು. ಸುರಂಗದ ಮೇಲೆ 20ಕ್ಕೂ ಹೆಚ್ಚು ಗಾಳಿಬಾವಿಗಳಿವೆ. ಚಪ್ಪಲಿ ಡಬ್ಬಿಯಲ್ಲಿ ಮೇಲೆ ಸ್ಪಂಜು, ಕೆಳಗೆ ಓರೆಯಾಗಿ ಇಟ್ಟ ಹೆಂಚು, ನಡುವೆ ಸ್ಟ್ರಾ ಇಟ್ಟು ನೀರು ಹನಿಸಿದರೆ ಪಂಪಿಲ್ಲದೆ ನೀರು ಬರುವುದು ಹೇಗೆಂದು ಮಗು ತಾನೇ ತೋರಿಸಬಲ್ಲದು. ಗಾಳಿಬಾವಿಗಳ ಬಾಯಿಯ ಹತ್ತಿರ ಕೈ ಹಿಡಿದೇ ಇರಿ. ನರಸಿಂಹ ಝರಣಿಯ ಗುಹಾದೇವಾಲಯದಲ್ಲಿ ದೊಡ್ಡವರ ಎದೆಮಟ್ಟದವರೆಗೂ ನೀರಿರುವುದರಿಂದ ಪುಟ್ಟ ಮಕ್ಕಳನ್ನು ಒಳಗೆ ಕರೆದೊಯ್ಯುವುದು ಬೇಡ.

ಭಾಲ್ಕಿ, ಔರಾದ್: ನೋಡಲು ಏನಿದೆ ಎನ್ನುವವರಿಗೆ

ಮೂರನೆಯ ದಿನವನ್ನು ಭಾಲ್ಕಿ ಮತ್ತು ಔರಾದಿಗೆ ಕೊಡಿ ಎಂದರೆ ಅಲ್ಲಿ ಮಕ್ಕಳಿಗೆ ಏನಿದೆ ಎಂಬ ಪ್ರಶ್ನೆ ಬರುತ್ತದೆ. ಟಿಕೆಟ್ ಕೊಟ್ಟು ನೋಡುವ ಸ್ಥಳಗಳು ಹೆಚ್ಚಿಲ್ಲ, ಒಪ್ಪೋಣ. ಆದರೆ ಮಹಾನಗರ ತನ್ನಷ್ಟಕ್ಕೆ ತಾನೇ ಬದುಕುವುದಿಲ್ಲ. ಅದಕ್ಕೆ ಕಾಳು, ಎತ್ತು, ಅಕ್ಷರ ಕೊಟ್ಟ ಸುತ್ತಲ ಊರುಗಳನ್ನು ನೋಡದಿದ್ದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಭಾಲ್ಕಿಯಲ್ಲಿ ಹಳೆಯ ಕೋಟೆಯಿದೆ, ಹಿರೇಮಠ ಸಂಸ್ಥಾನವಿದೆ. ಕಮಲನಗರದಲ್ಲಿ ಹುಟ್ಟಿದ, ಈ ಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಆಳ್ವಿಕೆಯಲ್ಲಿ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಕನ್ನಡದ ಸ್ಲೇಟು ಹಿಡಿಯಲು ಇಷ್ಟು ಧೈರ್ಯ ಬೇಕಾದ ಕಾಲವಿತ್ತು ಎಂಬುದನ್ನು ಬೆಂಗಳೂರಿನ ಮಗು ಇಲ್ಲಿಗೆ ಬಂದೇ ತಿಳಿಯಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆಯ ಉದಗೀರ್ ಮರಾಠಿ ಸೀಮೆಗೆ, ಜಹೀರಾಬಾದ್ ತೆಲುಗು ಸೀಮೆಗೆ ಸೇರಿದವು. ಬೀದರ್, ಭಾಲ್ಕಿ, ಔರಾದ್ ನಮ್ಮೊಡನೆ ಬಂದವು. ದಾರಿಯ ಅಂಗಡಿಗಳ ಫಲಕಗಳನ್ನು ನೋಡಿ ಮಗು ತನ್ನ ಹೆಸರನ್ನು ಕನ್ನಡ, ದೇವನಾಗರಿ, ಉರ್ದು, ತೆಲುಗು ಲಿಪಿಗಳಲ್ಲಿ ಬರೆಯಿಸಿಕೊಂಡು ಒಂದು ಚೀಟಿ ಮಾಡಲಿ. ಇಲ್ಲಿ ಕೊಳ್ಳುವುದಾದರೆ ಒಂದು ವಚನ ಪುಸ್ತಕ ಕೊಳ್ಳಿ.

ಔರಾದ್ ರಾಜ್ಯದ ತೀರ ಉತ್ತರದ ತುದಿ. ಕರಿನೆಲ, ತೊಗರಿ, ಜೋಳ, ಅಮರೇಶ್ವರ ದೇವಸ್ಥಾನ. ಅದರ ಜಾತ್ರೆಯಲ್ಲಿ ಜಾನುವಾರುಗಳೂ ಸೇರುತ್ತವೆ. ತಿಥಿಯನ್ನು ಮೊದಲೇ ವಿಚಾರಿಸಿ. ಈ ಗಡಿನಾಡಿನ ಹೆಮ್ಮೆ ದೇವಣಿ ತಳಿ. ಅದರಲ್ಲಿ ಮೂರು ಬಗೆ: ಬಿಳಿ ಮೈ, ಕರಿ ಮುಖದ ವಾನೇರಾ, ಮೈಯ ಕೆಳಭಾಗದಲ್ಲಿ ಮಾತ್ರ ಚುಕ್ಕೆಗಳಿರುವ ಬಾಲಂಕ್ಯಾ, ಮೈತುಂಬ ಕರಿ ಮಚ್ಚೆಗಳ ಶೇವರಾ. ಮೂರು ಖಾಲಿ ಎತ್ತಿನ ಚಿತ್ರ ಕೊಟ್ಟು, ಹೊಲದಲ್ಲಿ ಕಂಡದ್ದನ್ನು ಕಂಡಂತೆ ಕಪ್ಪು ತುಂಬಲು ಹೇಳಿ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನ ಜೋಡೆತ್ತು ಮಾಡುತ್ತಾರೆ. ರೈತರ ಅನುಮತಿ ಕೇಳಿ ಒಂದು ಮುಷ್ಟಿ ಎರೆಮಣ್ಣು ಕಲಸಿದರೆ ಯಾವ ತಿಂಗಳಲ್ಲಾದರೂ ಅದನ್ನು ಮಾಡಬಹುದು. ಒಣಗಿ ಬಿರುಕು ಬಿಟ್ಟರೂ ಚಿಂತೆಯಿಲ್ಲ. ಎರೆನೆಲ ಬೇಸಿಗೆಯಲ್ಲಿ ಬಿರಿಯುವುದೇಕೆ ಎಂಬುದಕ್ಕೆ ಆ ಬಿರುಕೇ ಉತ್ತರ.

ಹೋಗುವುದು ಹೇಗೆ, ಯಾವಾಗ

ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯಲ್ಲಿ ಬೀದರಿನ ಚಳಿ ಜೋರು, ಸ್ವೆಟರ್ ಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ಕೋಟೆ ಮುಗಿಸಿ. ಹೈದರಾಬಾದಿನಿಂದ ಸುಮಾರು 140 ಕಿ.ಮೀ. ಕಲಬುರಗಿಯಿಂದ 2017ರಿಂದ ನೇರ ರೈಲುಹಳಿಯಿದೆ. ಉದಗೀರ್ ಕಡೆಗಿನ ರೈಲು ಭಾಲ್ಕಿಯಲ್ಲಿ ನಿಲ್ಲುತ್ತದೆ. ಔರಾದಿಗೆ ಬಸ್ಸೇ ಗತಿ, ಒಂದೇ ದಿನದಲ್ಲಿ ಎರಡನ್ನೂ ನೋಡಲು ಸ್ವಂತ ಅಥವಾ ಬಾಡಿಗೆ ವಾಹನ ಇದ್ದರೆ ಲೇಸು.

ಇವನ್ನೆಲ್ಲ ಮನೆಯಲ್ಲೇ ವಿಡಿಯೋ ನೋಡಿ, ತರಿಸಿದ ಕರಕುಶಲ ಪೆಟ್ಟಿಗೆಯಿಂದ ಮಾಡಬಹುದಲ್ಲ ಎನ್ನಬಹುದು. ಕತ್ತರಿಸಿ ಅಂಟಿಸುವುದನ್ನು ಮಾಡಬಹುದು. ಆದರೆ ಪೆಟ್ಟಿಗೆಯಲ್ಲಿ ಬರುವುದು ಮುಗಿದ ಉತ್ತರ. ಬೀದರಿನಲ್ಲಿ ಗೋಡೆ, ಅದರ ಮಣ್ಣು, ಆ ಮಣ್ಣಿನಿಂದ ಕಪ್ಪಾದ ಲೋಹ, ಅದನ್ನು ಮಾಡುವ ಮನುಷ್ಯ ಎಲ್ಲರೂ ನಡೆದು ಹೋಗುವಷ್ಟು ದೂರದಲ್ಲಿದ್ದಾರೆ. ಒಂದರಿಂದ ಇನ್ನೊಂದು ಹುಟ್ಟಿದ್ದನ್ನು ಮಗು ಕಣ್ಣಾರೆ ಹೊಂದಿಸಿ ನೋಡಬಹುದು. ಬೆಳ್ಳಿ ತಂತಿ ಬಡಿಯುವವರ ಮಕ್ಕಳು ಬೇರೆ ಕೆಲಸಕ್ಕೆ ಹೋಗುತ್ತಿರುವ ಈ ಹೊತ್ತಿನಲ್ಲಿ, ಕಸುಬಿನ ಬೆಲೆ ಅರಿತು ಕೊಳ್ಳುವ ಗಿರಾಕಿಗಳು ಬಿದ್ರಿಗೆ ಬೇಕು. ಅಂಥ ಗಿರಾಕಿ ಹತ್ತು ವರ್ಷದ ವಯಸ್ಸಿನಲ್ಲೇ ತಯಾರಾಗಬೇಕು. ಆದ್ದರಿಂದ ತಂದೆತಾಯಿಗಳಲ್ಲಿ, ಶಾಲಾ ಪ್ರವಾಸ ಏರ್ಪಡಿಸುವ ಶಿಕ್ಷಕರಲ್ಲಿ ಕೋರಿಕೆ ಒಂದೇ: ಬೀದರಿನಲ್ಲಿ ಅಂಗಡಿಯ ಮುಂದೆ ಬಸ್ಸು ನಿಲ್ಲಿಸುವ ಮೊದಲು ಕಾರ್ಖಾನೆಯ ಮುಂದೆ ನಿಲ್ಲಿಸಿ.