ಕೊಂಬಿನ ಬೇಟೆಯೂ ಕಾಡಂಚಿನ ಬೆಳೆಯೂ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಗಳಲ್ಲಿ ಕಾಡಿಗೂ ಗದ್ದೆಗೂ ನಡುವೆ ಬಯಲೆಂಬುದು ಬಹಳ ಕಡೆ ಇಲ್ಲ. ಕೊನೆಯ ಬದು ಮುಗಿದಲ್ಲಿಂದಲೇ ಸಾಗುವಾನಿ, ಮತ್ತಿ, ನಂದಿ ಮರಗಳು ಮೊದಲಾಗುವುವು. ಇಂಥ ಜಮೀನಿನಲ್ಲಿ ಬತ್ತವನ್ನಾಗಲಿ ಮೆಕ್ಕೆಜೋಳವನ್ನಾಗಲಿ ಬೆಳೆಯುವ ರೈತನ ಫಸಲಿಗೆ ಆನೆ, ಹಂದಿಗಳಂತೆಯೇ ಜಿಂಕೆ, ಕಡವೆಗಳೂ ಪಾಲುಗಾರರು. ಆನೆ ಬಂದ ರಾತ್ರಿ ಊರೆಲ್ಲ ಎಚ್ಚರವಾಗುವುದು. ಕಡವೆ ಬಂದುಹೋದುದನ್ನು ಬೆಳಗಾದ ಮೇಲೆ ಗೊರಸಿನ ಗುರುತಿನಿಂದಲೇ ತಿಳಿಯಬೇಕು.

ರೈತನ ಪೈರನ್ನು ತಿಂದು ಬೆಳೆದ ಈ ಮೃಗದ ಮೇಲೆ ಹಕ್ಕು ಯಾರದೆಂಬ ಪ್ರಶ್ನೆ ಹಳೆಯದು. ಕಾನೂನು ಇದಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ. ಅಜ್ಜನ ಕಾಲದ ವಾಡಿಕೆಯನ್ನೇ ನಂಬಿ ಬಂದೂಕು ಎತ್ತುವವನು ಇಂದು ಸೆರೆಮನೆಗೆ ಗುರಿಯಾಗುವುದರಿಂದ, ಈ ಬದಲಾವಣೆಗಳನ್ನು ರೈತರು ಚೆನ್ನಾಗಿ ಅರಿತಿರತಕ್ಕದ್ದು.

ಮೊದಲು ಮೃಗದ ವಿಚಾರ. ಜಿಂಕೆ, ಕಡವೆ ಎರಡರಲ್ಲಿಯೂ ಕೊಂಬು ಗಂಡಿಗೆ ಮಾತ್ರ. ಪೂರ್ಣವಾಗಿ ಬೆಳೆದ ಕೊಂಬಿಗೆ ಸಾಮಾನ್ಯವಾಗಿ ಮೂರು ಕವಲುಗಳು. ಅದು ಎತ್ತಿನ ಕೋಡಿನಂತೆ ಜೀವಾವಧಿ ಉಳಿಯುವುದಲ್ಲ; ಉದುರಿ ಮತ್ತೆ ಹುಟ್ಟುವುದು. ಹವ್ಯಾಸದ ಷಿಕಾರಿಗೆ ಬೇಕಾದುದು ಗೋಡೆಗೆ ತೂಗುಹಾಕಲು ಯೋಗ್ಯವಾದ ದೊಡ್ಡ ಕೊಂಬು; ಎಂದರೆ ಹಿಂಡಿನಲ್ಲಿ ವಯಸ್ಸಾದ ಒಂದೆರಡು ಗಂಡುಗಳು. ಬೆಳೆಯನ್ನು ಮೇಯುವುದಾದರೋ ಹೆಣ್ಣು, ಮರಿಗಳು ಕೂಡಿದ ಇಡೀ ಹಿಂಡು. ಒಂದು ಗಂಡು ಹೋದರೆ ಅದರ ಸ್ಥಾನಕ್ಕೆ ಮತ್ತೊಂದು ಬರುವುದಾದ್ದರಿಂದ ಹಿಂಡಿನ ಸಂಖ್ಯೆ ಅದರಿಂದ ತಗ್ಗುವುದಿಲ್ಲ. ಕೊಂಬಿನ ಬೇಟೆಯಿಂದ ರೈತನ ಬೆಳೆ ಉಳಿಯಿತೆಂದು ಹಿಂದೆ ಷಿಕಾರಿಗಳು ಹೇಳಿಕೊಳ್ಳುತ್ತಿದ್ದ ಮಾತಿನಲ್ಲಿ ಹುರುಳು ಕಡಿಮೆ.

ಈ ಜಿಲ್ಲೆಯು ಬೊಂಬಾಯಿ ಆಧಿಪತ್ಯದಲ್ಲಿದ್ದ ಕಾಲದಲ್ಲಿ ಕಾಡಿನ ಬಹುಭಾಗ ಸರ್ಕಾರದ ರಿಸರ್ವ್ ಅರಣ್ಯವಾಯಿತು. 1927ರ ಅರಣ್ಯ ಕಾಯಿದೆಯ ಮೇರೆಗೆ ನಿಯಮ ಮೀರಿ ಅಲ್ಲಿ ಬೇಟೆಯಾಡಿದವನಿಗೂ ಉರುಲು ಒಡ್ಡಿದವನಿಗೂ 6 ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ. ಬೇಟೆ ಸಂಪೂರ್ಣವಾಗಿ ನಿಂತಿತೆಂದು ಇದರ ಅರ್ಥವಲ್ಲ. ಪರ್ಮಿಟ್ಟು ಪಡೆಯಲು ಹಣವೂ, ಲೈಸೆನ್ಸಿನ ರೈಫಲೂ, ಅಧಿಕಾರಿಗಳ ಪರಿಚಯವೂ ಉಳ್ಳವನಿಗೆ ಕಾಡಿನ ಬಾಗಿಲು ತೆರೆದಿತ್ತು. ಕಾಡಿನಲ್ಲಿಯೇ ಹುಟ್ಟಿದವನು ಅದೇ ಕಾಡಿಗೆ ಸೋವಿನವನಾಗಿ, ಕೂಗಿ ಮೃಗವನ್ನೆಬ್ಬಿಸುವ ದಿನಗೂಲಿಗೆ ಹೋಗುತ್ತಿದ್ದನು. ಕೊಂಬು, ಚರ್ಮ ಬಂದೂಕಿನವನಿಗೆ. ಕೂಲಿಯೂ ಒಂದು ಪಾಲು ಮಾಂಸವೂ ಸೋವಿನವನಿಗೆ. ಎಲ್ಲರೂ ಇದನ್ನು ಸಹಜವೆಂದೇ ಎಣಿಸಿದ್ದರು.

ಆದರೂ ಆ ಕಾಲದ ಕಾನೂನಿನಲ್ಲಿ ಬೇಸಾಯಗಾರನಿಗೆ ಒಂದು ಆಸರೆಯಿತ್ತು. 1912ರ ವನ್ಯಪಕ್ಷಿ ಮತ್ತು ಮೃಗ ರಕ್ಷಣಾ ಕಾಯಿದೆಯು ಬೇಟೆಗೆ ನಿಷಿದ್ಧವಾದ ಋತುಗಳನ್ನು ಗೊತ್ತುಮಾಡಲು ಅವಕಾಶ ಕೊಟ್ಟಿತಾದರೂ, ಪ್ರಾಣರಕ್ಷಣೆಗಾಗಿಯೂ, ಸದ್ಭಾವದಿಂದ ಸ್ವತ್ತಿನ ರಕ್ಷಣೆಗಾಗಿಯೂ ಮೃಗವನ್ನು ಕೊಂದರೆ ಅಪರಾಧವಲ್ಲವೆಂದು ಬಿಟ್ಟಿತ್ತು. ಹಗಲು ರಿಸರ್ವಿನೊಳಗೆ ಪರ್ಮಿಟ್ಟುದಾರನ ಪಾಲಾಗಿದ್ದ ಕಡವೆಯು ರಾತ್ರಿ ಗದ್ದೆಗೆ ಇಳಿದಾಗ ರೈತನ ನಾಡಕೋವಿಗೆ ಸಿಕ್ಕಬಹುದಾಗಿತ್ತು. ನಾಡಕೋವಿಯ ಲೈಸೆನ್ಸಾದರೂ ಯಾರ ಕೈಗೆ ಸುಲಭವಾಗಿ ದೊರೆಯುತ್ತಿತ್ತೆಂಬುದು ಬೇರೆ ಮಾತು.

1951ರಲ್ಲಿ ಬೊಂಬಾಯಿ ರಾಜ್ಯವು ತನ್ನದೇ ವನ್ಯಮೃಗ ಕಾಯಿದೆಯನ್ನು ಮಾಡಿತು. 1956ರಲ್ಲಿ ದಾಂಡೇಲಿಯ ಕಾಡು ಅಭಯಾರಣ್ಯವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿಯೂ ಬೇಟೆಯ ಲೈಸೆನ್ಸು ಮೊದಲು ಉಳಿದುಕೊಂಡಿತ್ತು. 1991ರ ತಿದ್ದುಪಡಿಯಿಂದ ಅದು ತೊಲಗಿತು. 2007ರಲ್ಲಿ ದಾಂಡೇಲಿ, ಅಣಶಿ ಕಾಡುಗಳು ಹುಲಿ ಸಂರಕ್ಷಿತ ಪ್ರದೇಶವಾದವು. 2015ರಿಂದ ಅದಕ್ಕೆ ಕಾಳಿಯ ಹೆಸರು. ಹಣವುಳ್ಳವನಿಗೂ ಇಲ್ಲದವನಿಗೂ ಬೇಟೆ ಸಮನಾಗಿ ಮುಚ್ಚಿದುದು ನ್ಯಾಯವೇ ಸರಿ. ಆದರೆ 1912ರಲ್ಲಿ ಇದ್ದ ಸ್ವತ್ತಿನ ರಕ್ಷಣೆಯ ವಿನಾಯಿತಿ ಈಗಿನ ಕಾಯಿದೆಯಲ್ಲಿಲ್ಲ. ತನ್ನ ಅಥವಾ ಮತ್ತೊಬ್ಬರ ಪ್ರಾಣ ಉಳಿಸಲು ಮಾತ್ರ ವಿನಾಯಿತಿ. ನಿಂತ ಪೈರಿಗೆ ಅಪಾಯಕಾರಿಯಾದ ಕೆಲವು ವರ್ಗದ ಮೃಗಗಳ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಾಗಲಿ ಅವರಿಂದ ಅಧಿಕಾರ ಪಡೆದವರಾಗಲಿ ಕಾರಣಸಹಿತ ಲಿಖಿತ ಅಪ್ಪಣೆ ಕೊಡಬಹುದು. ಹಾಗೆ ಕೊಂದ ಮೃಗವೂ ಸರ್ಕಾರದ ಸ್ವತ್ತೇ. 2006ರ ಅರಣ್ಯಹಕ್ಕು ಕಾಯಿದೆಯೂ ಕಾಡಿನವರ ಹಲವು ಸಾಂಪ್ರದಾಯಿಕ ಹಕ್ಕುಗಳನ್ನು ಮನ್ನಿಸಿ, ಬೇಟೆಯನ್ನು ಮಾತ್ರ ಸ್ಪಷ್ಟವಾಗಿ ಹೊರಗಿಟ್ಟಿದೆ.

ಜರ್ಮನಿ ದೇಶದ ಏರ್ಪಾಡು ಇಲ್ಲಿ ಹೋಲಿಕೆಗೆ ಯೋಗ್ಯವಾಗಿದೆ. 1848ರವರೆಗೆ ಅಲ್ಲಿಯ ಶ್ರೀಮಂತರು ರೈತರ ಹೊಲಗಳಲ್ಲಿ ಬೇಟೆಯಾಡುತ್ತಿದ್ದರು. ಬೆಳೆ ತಿಂದ ಜಿಂಕೆಯನ್ನು ರೈತನು ಮುಟ್ಟುವಂತಿರಲಿಲ್ಲ. ಆ ವರ್ಷದ ದಂಗೆಗಳ ಬಳಿಕ ಬೇಟೆಯ ಹಕ್ಕು ಭೂಮಿಯ ಒಡೆಯನಿಗೆ ಸೇರಿತು. ಈಗ 75 ಹೆಕ್ಟೇರಿಗಿಂತ ಕಡಿಮೆ ಭೂಮಿಯುಳ್ಳವರು ಸಾಮಾನ್ಯವಾಗಿ ಒಂದು ಸಂಘವಾಗಿ ಕೂಡಿ ಬೇಟೆಯ ಹಕ್ಕನ್ನು ಗುತ್ತಿಗೆ ಕೊಡುವರು. ಜಿಂಕೆ, ಹಂದಿ ಮಾಡಿದ ಬೆಳೆನಷ್ಟವನ್ನು ವಾಡಿಕೆಯಾಗಿ ಗುತ್ತಿಗೆದಾರನೇ ತೆರುವನು. ನಷ್ಟ ತಿಳಿದ ಒಂದು ವಾರದೊಳಗೆ ರೈತನು ದೂರು ಕೊಡಬೇಕು. ಪಾಕಿಸ್ತಾನದ ಉತ್ತರದ ಬೆಟ್ಟಗಳಲ್ಲಿ ಮಾರ್ಖೋರ್ ಎಂಬ ಕಾಡುಮೇಕೆಯ ಬೇಟೆಗೆ ವಿದೇಶಿಯರು ಕೊಡುವ ದೊಡ್ಡ ಶುಲ್ಕದಲ್ಲಿ ನೂರಕ್ಕೆ 80 ಪಾಲು ಹಳ್ಳಿಯವರದು. ಇಲ್ಲಿಯೂ ಹಾಗೆಯೇ ಆಗಲೆನ್ನುವವರು ಒಂದು ಸಂಗತಿಯನ್ನು ಮರೆಯುವರು: ಇಲ್ಲಿ ಕಾಡು ಸರ್ಕಾರದ್ದು, ಗದ್ದೆ ರೈತನದು. ಎಮ್ಮೆ ಕಟ್ಟಿಕೊಂಡು ಕಾಡಿನೊಳಗೇ ಬಾಳುವ ಗೌಳಿಗೂ, ಸಿದ್ದಿ, ಕುಣಬಿಯರಲ್ಲಿ ಹಲವರಿಗೂ ಪಟ್ಟಾ ಎಂಬುದೇ ಇಲ್ಲ. ಶುಲ್ಕ ಬಂದರೆ ಪಾಲು ಬೇಡುವ ಕಾಗದ ಯಾರ ಕೈಯಲ್ಲಿರುವುದು?

ಈ ತೊಡಕು ಬೇಟೆ ಹೋದ ಮೇಲೂ ಹೋಗಲಿಲ್ಲ. ಇಂದು ಜೀವಂತ ಜಿಂಕೆಯಿಂದಲೇ ಹಣವುಂಟು. ದಾಂಡೇಲಿಗೆ ಬರುವ ಪ್ರವಾಸಿಗನು ಅದನ್ನು ನೋಡಲು ಹಣ ಕೊಡುವನು. ಅದೇ ಜಿಂಕೆ ಮೇಯ್ದ ಗದ್ದೆಯವನು ಪರಿಹಾರಕ್ಕೆ ಅರ್ಜಿ ಹಿಡಿದು ನಿಲ್ಲುವನು. ಅರ್ಜಿಗೆ ಜಮೀನಿನ ದಾಖಲೆಯೇ ಆಧಾರವಾದ್ದರಿಂದ ಪಹಣಿಯಿಲ್ಲದ ಸಾಗುವಳಿದಾರನು ಇಲ್ಲಿಯೂ ಹಿಂದೆ ಬೀಳುವನು. ನೋಟದ ಆದಾಯಕ್ಕೂ ನಷ್ಟದ ಭರ್ತಿಗೂ ಹತ್ತಿರದ ಸಂಬಂಧ ಏರ್ಪಡುವವರೆಗೆ ಕಾಡಂಚಿನವರು ಮೃಗವನ್ನು ತಮ್ಮದೆಂದು ಭಾವಿಸುವುದು ಕಷ್ಟ.

ಸದ್ಯಕ್ಕೆ ರೈತನ ಕೈಯಲ್ಲಿರುವುದು ಇಷ್ಟು. ಕಡವೆ ಎತ್ತರಕ್ಕೆ ಹಾರಬಲ್ಲುದು. ಎದೆಮಟ್ಟದ ಮುಳ್ಳುಬೇಲಿ ಅದಕ್ಕೆ ಬೇಲಿಯೇ ಅಲ್ಲ. ತೆನೆ ಹಾಲು ತುಂಬುವ ಕಾಲದಲ್ಲಿ ನಾಲ್ಕಾರು ಗದ್ದೆಯವರು ಕೂಡಿ ಅಟ್ಟಣೆ ಕಟ್ಟಿ ಸರದಿಯ ಮೇಲೆ ಕಾಯುವುದು ಒಬ್ಬೊಬ್ಬನೇ ನಿದ್ದೆಗೆಡುವುದಕ್ಕಿಂತ ಮೇಲು. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸುವುದು ಘೋರ ಅಪರಾಧ. ಮೃಗಕ್ಕೆ ಮೊದಲು ನೆರೆಯವನ ಮಗುವನ್ನೋ ಎತ್ತನ್ನೋ ಅದು ಬಲಿ ತೆಗೆದುಕೊಂಡೀತು. ನಷ್ಟವಾದರೆ ಕೊಯ್ಲಿಗೆ ಮುಂಚೆಯೇ ಫೋಟೋ ತೆಗೆಯಿಸಿ, ಗೊರಸಿನ ಗುರುತು ಮಾಸುವುದರೊಳಗೆ ವಲಯ ಅರಣ್ಯಾಧಿಕಾರಿಗೆ ತಿಳಿಸಿ ಮಹಜರು ಮಾಡಿಸತಕ್ಕದ್ದು. ಅಭಯಾರಣ್ಯದೊಳಗೆ ಬಂದೂಕು, ಉರುಲುಗಳ ಗೋಜಿಗೆ ಹೋದವನಿಗೆ 3ರಿಂದ 7 ವರ್ಷಗಳ ಸೆರೆ.

ಇನ್ನು ಕಾಡಿನಲ್ಲಾಗಲಿ ಬದುವಿನಲ್ಲಾಗಲಿ ಉದುರಿದ ಕೊಂಬು ಸಿಕ್ಕರೆ, ಕೊಂದುದಲ್ಲವೆಂಬ ಧೈರ್ಯದಿಂದ ಅದನ್ನು ಮನೆಗೆ ತರುವುದುಂಟು. ಕಾನೂನು ಕೊಂಬನ್ನು ಟ್ರೋಫಿಯಲ್ಲಿ ಎಣಿಸುತ್ತದೆ. ಕಾಡಿನದಾದರೆ ಅದು ಅರಣ್ಯೋತ್ಪನ್ನವೂ ಹೌದು. ಅದನ್ನು ಬಾಗಿಲ ಮೇಲೆ ಕಟ್ಟದೆ, ಸಂತೆಯ ದಲ್ಲಾಳಿಗೆ ಕೊಡದೆ, ಇದ್ದಲ್ಲಿಯೇ ಬಿಟ್ಟು ವಲಯಾಧಿಕಾರಿಗೆ ಸುದ್ದಿ ಮುಟ್ಟಿಸತಕ್ಕದ್ದು.